ಬಿಟ್ಟುಕೊಡಬೇಕಾದ ಕುರ್ಚಿ: ಸಂಸತ್ತಿನ ಮಹಿಳಾ ಮೀಸಲಾತಿಗೆ ಇರುವ ಅಡ್ಡಿಗಳು

(ಡಿಸೆಂಬರ್ 2025ರಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಮಹಿಳೆಯರ ಸಾರ್ವಜನಿಕ ಬದುಕಿನ ಬಗ್ಗೆ ವರ್ಷಕ್ಕೊಮ್ಮೆಯಾದರೂ ನಾಲ್ಕು ಜನ ಕೂತು ಗಂಭೀರವಾಗಿ ಯೋಚಿಸಬೇಕು ಎಂಬುದು ಈ ದತ್ತಿಯ ಆಶಯ. ಆ ಆಶಯಕ್ಕೆ ತಕ್ಕಂತೆ ಇಂದು ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಬಹುತೇಕ ಎಲ್ಲರೂ ಒಪ್ಪಿದ ಕಾನೂನೊಂದು ಏಕೆ ಜಾರಿಗೆ ಬಂದಿಲ್ಲ?

2023ರ ಸೆಪ್ಟೆಂಬರ್ 20ರಂದು ಲೋಕಸಭೆಯು ಮಹಿಳಾ ಮೀಸಲಾತಿ ಮಸೂದೆಯನ್ನು ಅಂಗೀಕರಿಸಿತು. ಪರ 454 ಮತ, ವಿರುದ್ಧ ಎರಡು. ಮರುದಿನ ರಾಜ್ಯಸಭೆಯಲ್ಲಿ 214 ಮಂದಿ ಪರವಾಗಿ ಮತ ಹಾಕಿದರು, ವಿರುದ್ಧ ಒಂದು ಮತವೂ ಬೀಳಲಿಲ್ಲ. ಸೆಪ್ಟೆಂಬರ್ 28ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು ಅದು ಸಂವಿಧಾನದ 106ನೇ ತಿದ್ದುಪಡಿಯಾಯಿತು. ಲೋಕಸಭೆಯಲ್ಲಿ, ರಾಜ್ಯಗಳ ವಿಧಾನಸಭೆಗಳಲ್ಲಿ ಮತ್ತು ದೆಹಲಿ ವಿಧಾನಸಭೆಯಲ್ಲಿ ಮೂರನೇ ಒಂದು ಭಾಗ ಸ್ಥಾನಗಳು ಮಹಿಳೆಯರಿಗೆ ಎಂದು ಅದು ಹೇಳುತ್ತದೆ. ಒಂಬತ್ತು ತಿಂಗಳಾಗುವುದರೊಳಗೆ ಲೋಕಸಭಾ ಚುನಾವಣೆ ನಡೆಯಿತು. ಆರಿಸಿ ಬಂದ ಮಹಿಳೆಯರು 74. ಹಿಂದಿನ ಸಲ, 2019ರಲ್ಲಿ, 78 ಮಂದಿ ಇದ್ದರು. ಮೀಸಲಾತಿ ಕಾನೂನು ಬಂದ ಮೇಲೆ ನಡೆದ ಮೊದಲ ಲೋಕಸಭಾ ಚುನಾವಣೆಯಲ್ಲಿ ಮಹಿಳೆಯರ ಸಂಖ್ಯೆ ಇಳಿಯಿತು.

ಇದಕ್ಕೆ ಸಮಾಜದ ಮನೋಭಾವ ಕಾರಣ, ಹೆಣ್ಣುಮಕ್ಕಳ ಶಿಕ್ಷಣದ ಕೊರತೆ ಕಾರಣ, ಮನೆಯ ಹೊಣೆ ಕಾರಣ ಎಂದು ನಾವು ಸಾಮಾನ್ಯವಾಗಿ ಹೇಳಿಕೊಳ್ಳುತ್ತೇವೆ. ಇವೆಲ್ಲ ಇವೆ, ನಿಜ. ಆದರೆ ಇವು ಯಾವುವೂ 106ನೇ ತಿದ್ದುಪಡಿಯನ್ನು ತಡೆದಿಲ್ಲ. ತಡೆದಿರುವುದು ಕಾನೂನಿನ ಒಳಗೇ ಬರೆದಿಟ್ಟ ಷರತ್ತುಗಳು ಮತ್ತು ಕಾನೂನಿನ ಹೊರಗೆ ಪಕ್ಷಗಳು ಬಿಗಿಯಾಗಿ ಹಿಡಿದಿರುವ ಟಿಕೆಟ್. ಎರಡೂ ಮನುಷ್ಯರು ಮಾಡಿದ ಆಯ್ಕೆಗಳು. ಆದ್ದರಿಂದ ಎರಡನ್ನೂ ಬದಲಾಯಿಸಬಹುದು. ಇಂದಿನ ನನ್ನ ಮಾತಿನ ಸಾರ ಇಷ್ಟೇ.

ತೆರೆದ ವಿರೋಧದಿಂದ ತೆರೆಮರೆಯ ವಿಳಂಬಕ್ಕೆ

ಈ ಕಥೆಯಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆಗೆ ನಿಂತು ಅಲ್ಪ ಅಂತರದಲ್ಲಿ ಸೋತರು. ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಭಾರತೀಯ ಮಹಿಳೆ ಅವರು. ಎಪ್ಪತ್ತು ವರ್ಷಗಳ ಬಳಿಕ, 1996ರ ಸೆಪ್ಟೆಂಬರ್ 12ರಂದು, ಎಚ್.ಡಿ. ದೇವೇಗೌಡರ ಸರ್ಕಾರ ಮಹಿಳಾ ಮೀಸಲಾತಿಯ ಮೊದಲ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿತು.

ನಡುವಿನ ದಶಕಗಳಲ್ಲಿ ಮಹಿಳಾ ಚಳವಳಿಯ ಒಳಗೇ ಮೀಸಲಾತಿಯ ಬಗ್ಗೆ ಒಮ್ಮತವಿರಲಿಲ್ಲ. ಸಂವಿಧಾನ ರಚನಾ ಸಭೆಯಲ್ಲಿದ್ದ ಹಂಸಾ ಮೆಹ್ತಾ, ರೇಣುಕಾ ರಾಯ್ ಅವರಂಥವರು ಮೀಸಲು ಸ್ಥಾನ ಬೇಡವೆಂದರು. ಸ್ವತಂತ್ರ ದೇಶದಲ್ಲಿ ಹೆಣ್ಣಿನ ಯೋಗ್ಯತೆಗೆ ತಾನಾಗಿಯೇ ದಾರಿ ತೆರೆಯುತ್ತದೆ ಎಂಬುದು ಅವರ ನಂಬಿಕೆ. ಆ ನಂಬಿಕೆ ಉದಾತ್ತವಾದದ್ದು. ಅದನ್ನು ಈಡೇರಿಸುವ ಹೊಣೆ ರಾಜಕೀಯ ಪಕ್ಷಗಳ ಮೇಲಿತ್ತು, ಅವು ಈಡೇರಿಸಲಿಲ್ಲ. 1974ರಲ್ಲಿ ಮಹಿಳೆಯರ ಸ್ಥಿತಿಗತಿ ಕುರಿತ ರಾಷ್ಟ್ರೀಯ ಸಮಿತಿ ವರದಿ ನೀಡಿದಾಗಲೂ ಬಹುಮತ ಶಾಸನಸಭೆಗಳಲ್ಲಿ ಮೀಸಲಾತಿಗೆ ಒಪ್ಪಲಿಲ್ಲ. ವೀಣಾ ಮಜುಂದಾರ್ ಮತ್ತು ಲತಿಕಾ ಸರ್ಕಾರ್ ಭಿನ್ನಮತ ಟಿಪ್ಪಣಿ ಬರೆದು, ಮೀಸಲಾತಿಯಿಲ್ಲದೆ ಈ ಬಾಗಿಲು ತೆರೆಯುವುದಿಲ್ಲ ಎಂಬ ನಿಲುವು ತಳೆದರು. ಮುಂದಿನ ಚರಿತ್ರೆ ಅವರಿಬ್ಬರ ಕಡೆಗೆ ನಿಂತಿತು.

1996ರ ಮಸೂದೆ ಗೀತಾ ಮುಖರ್ಜಿ ಅವರ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಮೂರು ತಿಂಗಳಲ್ಲಿ ವರದಿ ಬಂತು. ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. 1998ರಲ್ಲಿ ಮತ್ತೆ ಬಂದಾಗ ವಿರೋಧಿಸಿದವರು ಅದರ ಪ್ರತಿಯನ್ನು ಕಸಿದು ಸದನದಲ್ಲೇ ಹರಿದರು. 1999ರಲ್ಲಿ ಇನ್ನೊಮ್ಮೆ ಬಂತು, ಇನ್ನೊಮ್ಮೆ ಬಿತ್ತು. 2008ರಲ್ಲಿ ಅದನ್ನು ರಾಜ್ಯಸಭೆಯಲ್ಲಿ ಮಂಡಿಸಿದರು, ಅದು ವಿಸರ್ಜನೆಯಾಗದ ಸದನವಾದ್ದರಿಂದ. 2010ರ ಮಾರ್ಚ್ 9ರಂದು, ಗದ್ದಲ ಎಬ್ಬಿಸಿದ ಏಳು ಸದಸ್ಯರನ್ನು ಅಮಾನತು ಮಾಡಿದ ಬಳಿಕ, 186 ಮತಗಳಿಂದ ಅದು ಪಾಸಾಯಿತು. ವಿರುದ್ಧ ಒಂದೇ ಮತ. ಅಲ್ಲಿಂದ ಲೋಕಸಭೆಗೆ ಬಂದ ಮಸೂದೆಯನ್ನು ನಾಲ್ಕು ವರ್ಷ ಮತಕ್ಕೇ ಹಾಕಲಿಲ್ಲ. 2014ರಲ್ಲಿ ಅದೂ ಲೋಕಸಭೆಯ ಜೊತೆಗೆ ಮುಗಿಯಿತು.

ಇಲ್ಲೊಂದು ಬದಲಾವಣೆಯನ್ನು ಗಮನಿಸಬೇಕು. 1998ರಲ್ಲಿ ವಿರೋಧಿಸುವವರು ಎದ್ದು ನಿಂತು ವಿರೋಧಿಸಿದರು. 2010ರ ಮತದಾನದ ನಂತರ ವಿರೋಧ ಮೌನವಾಯಿತು, ಲೋಕಸಭೆಯಲ್ಲಿ ಮಸೂದೆ ಮತಕ್ಕೇ ಬರಲಿಲ್ಲ. 2023ರಲ್ಲಿ ವಿರೋಧವೇ ಉಳಿಯಲಿಲ್ಲ. ಆದರೆ ಒಪ್ಪಿಗೆಯ ಜೊತೆಗೆ ಒಂದು ಷರತ್ತು ಬಂತು.

ಜನಗಣತಿ ಮತ್ತು ಪುನರ್ವಿಂಗಡಣೆಯ ಗಂಟು

ಆ ಷರತ್ತು ಇರುವುದು 334ಎ ವಿಧಿಯಲ್ಲಿ. ಕಾಯ್ದೆ ಬಂದ ಬಳಿಕದ ಮೊದಲ ಜನಗಣತಿಯ ಅಂಕಿಅಂಶಗಳು ಪ್ರಕಟವಾಗಬೇಕು. ಅದನ್ನು ಆಧರಿಸಿ ಕ್ಷೇತ್ರ ಪುನರ್ವಿಂಗಡಣೆ ನಡೆಯಬೇಕು. ಮೀಸಲಾತಿ ಆಮೇಲೆ. 1996ರ ಮಸೂದೆಯಲ್ಲಾಗಲಿ, 2010ರಲ್ಲಿ ರಾಜ್ಯಸಭೆ ಒಪ್ಪಿದ ಮಸೂದೆಯಲ್ಲಾಗಲಿ ಈ ಷರತ್ತು ಇರಲಿಲ್ಲ. ಇದ್ದ ಕ್ಷೇತ್ರಗಳಲ್ಲೇ ಮೂರನೇ ಒಂದನ್ನು ಮೀಸಲಿಡಬಹುದು ಎಂದೇ ಅವು ತಿಳಿದಿದ್ದವು.

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಈ ವರ್ಷದ ಜೂನ್ 16ರಂದು ಹೊರಬಿದ್ದ ಅಧಿಸೂಚನೆಯ ಪ್ರಕಾರ ಎಣಿಕೆಯ ಆಧಾರ ದಿನ 2027ರ ಮಾರ್ಚ್ 1. ಅದಾದ ಮೇಲೆ ಅಂಕಿಗಳ ಪ್ರಕಟಣೆ, ಪುನರ್ವಿಂಗಡಣಾ ಆಯೋಗದ ರಚನೆ, ಕರಡು, ಆಕ್ಷೇಪಣೆ, ಅಂತಿಮ ಆದೇಶ. ಹಿಂದಿನ ಆಯೋಗ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ 2002ರಲ್ಲಿ ರಚನೆಯಾಯಿತು. ಅದರ ಆದೇಶ ಜಾರಿಗೆ ಬಂದದ್ದು 2008ರಲ್ಲಿ. ಆ ಹೊಸ ಗಡಿಗಳ ಮೇಲೆ ಮೊದಲು ಚುನಾವಣೆ ನಡೆದದ್ದು ನಮ್ಮ ಕರ್ನಾಟಕದಲ್ಲೇ, 2008ರ ಮೇ ತಿಂಗಳಲ್ಲಿ. ಆ ಸಲ ಗಡಿಗಳನ್ನು ಸರಿಪಡಿಸಿದ್ದು ಮಾತ್ರ. ರಾಜ್ಯಗಳ ನಡುವೆ ಲೋಕಸಭಾ ಸ್ಥಾನಗಳ ಹಂಚಿಕೆಯನ್ನು ಮುಟ್ಟಿರಲಿಲ್ಲ. ಅಷ್ಟಕ್ಕೇ ಆರು ವರ್ಷ ಹಿಡಿಯಿತು.

ಮುಂದಿನ ಪುನರ್ವಿಂಗಡಣೆ ಅಷ್ಟು ಸರಳವಲ್ಲ. ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆ 1971ರ ಜನಗಣತಿಯ ಲೆಕ್ಕದಲ್ಲಿ ನಿಂತಿದೆ. 1976ರ 42ನೇ ತಿದ್ದುಪಡಿ ಅದನ್ನು ಅಲ್ಲಿಗೇ ನಿಲ್ಲಿಸಿತು. 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಈಗ ತಡೆ ತೆರವಾದರೆ, ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ದಕ್ಷಿಣದ ರಾಜ್ಯಗಳು ತಮ್ಮ ಪಾಲು ಕಳೆದುಕೊಳ್ಳುತ್ತವೆ ಎಂಬ ಆತಂಕವಿದೆ. ಇದನ್ನು ಚರ್ಚಿಸಲು ಇದೇ ಮಾರ್ಚ್ 22ರಂದು ಚೆನ್ನೈಯಲ್ಲಿ ಸೇರಿದ ರಾಜ್ಯಗಳ ಸಭೆಯಲ್ಲಿ ಕರ್ನಾಟಕದ ಉಪಮುಖ್ಯಮಂತ್ರಿಗಳೂ ಇದ್ದರು. ಆ ಆತಂಕ ನ್ಯಾಯವಾದದ್ದು. ಅದಕ್ಕೆ ಒಕ್ಕೂಟದ ನೆಲೆಯಲ್ಲಿ ಉತ್ತರ ಹುಡುಕಬೇಕು. ಆದರೆ ದೇಶದ ಅತಿ ಕ್ಲಿಷ್ಟ ರಾಜಕೀಯ ವಿವಾದಕ್ಕೆ ಮಹಿಳೆಯರ ಸ್ಥಾನಗಳನ್ನು ಏಕೆ ಕಟ್ಟಿಹಾಕಬೇಕು? ಉತ್ತರ ಮತ್ತು ದಕ್ಷಿಣ ಒಪ್ಪುವವರೆಗೆ ಹೆಣ್ಣುಮಕ್ಕಳು ಹೊರಗೆ ನಿಂತಿರಬೇಕೇ?

ಸರ್ಕಾರದ ಸಮರ್ಥನೆಯನ್ನೂ ನ್ಯಾಯವಾಗಿ ಹೇಳಬೇಕು. ಯಾವ ಕ್ಷೇತ್ರ ಮೀಸಲು ಎಂಬುದನ್ನು ಆಳುವ ಪಕ್ಷ ತೀರ್ಮಾನಿಸಬಾರದು, ನಿಷ್ಪಕ್ಷಪಾತ ಆಯೋಗ ತೀರ್ಮಾನಿಸಬೇಕು ಎಂಬುದು ಅದರ ವಾದ. ಈ ಮಾತು ಸರಿ. ಆದರೆ ನಿಷ್ಪಕ್ಷಪಾತ ಸಂಸ್ಥೆ ಬೇಕು ಎಂಬುದಕ್ಕೂ ಹೊಸ ಜನಗಣತಿ ಬೇಕು ಎಂಬುದಕ್ಕೂ ಸಂಬಂಧವಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೀಸಲು ಕ್ಷೇತ್ರ ಗುರುತಿಸಲು ಜನಗಣತಿ ಬೇಕೇಬೇಕು, ಏಕೆಂದರೆ ಅವರ ಪ್ರಮಾಣ ಊರಿಂದ ಊರಿಗೆ ಬೇರೆ. ಮಹಿಳೆಯರು ಬೀದರಿನಲ್ಲೂ ಅರ್ಧ, ಚಾಮರಾಜನಗರದಲ್ಲೂ ಹೆಚ್ಚುಕಡಿಮೆ ಅರ್ಧ. ಎಲ್ಲೆಲ್ಲೂ ಅರ್ಧದಷ್ಟಿರುವವರು ಎಲ್ಲಿದ್ದಾರೆ ಎಂದು ಹುಡುಕಲು ಹೊಸ ಎಣಿಕೆ ಬೇಕಿಲ್ಲ. ಈಗಿರುವ 543 ಕ್ಷೇತ್ರಗಳಲ್ಲಿ 181ನ್ನು ಸ್ವತಂತ್ರ ಸಂಸ್ಥೆಯೊಂದು ಸಾರ್ವಜನಿಕವಾಗಿ ಚೀಟಿ ಎತ್ತಿ ಆರಿಸಬಹುದು. ಈ ಷರತ್ತನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಕಳೆದ ತಿಂಗಳು ಕೇಂದ್ರಕ್ಕೆ ನೋಟಿಸ್ ನೀಡಿದೆ.

ಮೀಸಲಾತಿಯನ್ನು ಪುನರ್ವಿಂಗಡಣೆಗೆ ಗಂಟು ಹಾಕಿದರೆ ಏನಾಗುತ್ತದೆ ಎಂದು ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ, ಮತ್ತೆ ವಿಂಗಡಣೆ ಎನ್ನುತ್ತ ಇಂದಿನವರೆಗೆ ಚುನಾವಣೆ ನಡೆದಿಲ್ಲ. ಆ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಸಾವಿರಾರು ಮಹಿಳೆಯರು ಕೂರಬೇಕಾದ ಕುರ್ಚಿಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದುಹೋದರೂ ಅವು ತುಂಬಲಿಲ್ಲ.

ತಮ್ಮದಲ್ಲದ ಕುರ್ಚಿ, ತಮ್ಮದೇ ಕುರ್ಚಿ

ಹಾಗಾದರೆ ಪಂಚಾಯಿತಿಗಳಲ್ಲಿ ಮೀಸಲಾತಿ ಅಷ್ಟು ಬೇಗ ಬಂದದ್ದು ಹೇಗೆ? ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. 1987ರ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ ಚುನಾವಣೆಯಲ್ಲಿ ಸಾವಿರಾರು ಮಹಿಳೆಯರು ಆರಿಸಿ ಬಂದರು. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ರಾಜ್ಯಗಳಿಗೆ ಕೊಟ್ಟ ಗಡುವು ಒಂದು ವರ್ಷ. 2010ರಲ್ಲಿ ಕರ್ನಾಟಕ ಆ ಪಾಲನ್ನು ಅರ್ಧಕ್ಕೇರಿಸಿತು. ಅಂದು ಹೆಣ್ಣುಮಕ್ಕಳು ಇನ್ನೂ ಸಿದ್ಧರಾಗಿಲ್ಲ ಎಂದು ಯಾರೂ ಕಾಯಲಿಲ್ಲ.

ವ್ಯತ್ಯಾಸ ಇರುವುದು ಒಂದೇ ಕಡೆ. ಪಂಚಾಯಿತಿಯ ಕಾನೂನು ಮಾಡಿದ ಶಾಸಕರೂ ಸಂಸದರೂ ಹಂಚಿಕೊಟ್ಟದ್ದು ತಾವು ಕೂತಿದ್ದ ಸ್ಥಾನವನ್ನಲ್ಲ. ಹೊಸದಾಗಿ ಹುಟ್ಟಿದ ಸಂಸ್ಥೆಗಳಲ್ಲಿ ಬಹಳಷ್ಟು ಕುರ್ಚಿಗಳಿಗೆ ಹಳೆಯ ಹಕ್ಕುದಾರರೂ ಇರಲಿಲ್ಲ. ಸಂಸತ್ತಿನ ಮೀಸಲಾತಿ ಹಾಗಲ್ಲ. ಅಲ್ಲಿ ಮತ ಹಾಕುವವರೇ ಎದ್ದು ಹೋಗಬೇಕಾದವರು. 543ರಲ್ಲಿ 469 ಮಂದಿ ಪುರುಷರಿರುವ ಸದನದಲ್ಲಿ ಮಹಿಳೆಯರ ಸಂಖ್ಯೆ 74ರಿಂದ 181ಕ್ಕೆ ಏರಬೇಕಾದರೆ ನೂರಕ್ಕೂ ಹೆಚ್ಚು ಪುರುಷರು ತಾವು ವರ್ಷಗಳಿಂದ ಸಾಕಿ ಬೆಳೆಸಿದ ಕ್ಷೇತ್ರ ಬಿಡಬೇಕು. ಹೊಸ ಲೋಕಸಭಾ ಭವನದಲ್ಲಿ 888 ಆಸನಗಳಿವೆ. ಸದನವನ್ನು ಮೊದಲು ಹಿಗ್ಗಿಸಿ, ಹೆಚ್ಚಾದ ಸ್ಥಾನಗಳಲ್ಲಿ ಮಹಿಳೆಯರಿಗೆ ಜಾಗ ಕೊಟ್ಟರೆ ಯಾರೂ ಏಳಬೇಕಿಲ್ಲ. ಪುನರ್ವಿಂಗಡಣೆಯ ಷರತ್ತಿನ ಹಿಂದಿರುವ ರಾಜಕೀಯ ಅನುಕೂಲ ಇದೇ ಎಂದು ನನಗೆ ತೋರುತ್ತದೆ. ಹೊಸ ಕುರ್ಚಿ ಹಾಕಿಸುವುದು ಔದಾರ್ಯ. ಹಂಚಿಕೊಳ್ಳುವುದು ನ್ಯಾಯ. ಮಹಿಳೆಯರು ಕೇಳಿದ್ದು ಎರಡನೆಯದನ್ನು.

ಇದು ಭಾರತಕ್ಕೆ ಮಾತ್ರ ಸೇರಿದ ಕಷ್ಟವಲ್ಲ. ಕೀನ್ಯಾದ 2010ರ ಸಂವಿಧಾನ, ಚುನಾಯಿತ ಸಂಸ್ಥೆಗಳಲ್ಲಿ ಒಂದೇ ಲಿಂಗದವರು ಮೂರನೇ ಎರಡಕ್ಕಿಂತ ಹೆಚ್ಚಿರಬಾರದು ಎಂದಿತು. ಅಲ್ಲಿನ ಕೌಂಟಿ ಸಭೆಗಳಿಗೆ, ಎಂದರೆ ಜಿಲ್ಲಾ ಮಟ್ಟದ ಶಾಸನಸಭೆಗಳಿಗೆ, ದಾರಿಯನ್ನೂ ಸಂವಿಧಾನವೇ ತೋರಿಸಿತ್ತು: ಚುನಾವಣೆಯಲ್ಲಿ ಮಹಿಳೆಯರು ಕಡಿಮೆ ಬಿದ್ದರೆ ವಿಶೇಷ ಸ್ಥಾನಗಳಿಂದ ತುಂಬಬೇಕು. ರಾಷ್ಟ್ರೀಯ ಸಭೆಗೆ ಪ್ರತಿ ಕೌಂಟಿಯಿಂದ ಒಬ್ಬರಂತೆ 47 ಮಹಿಳಾ ಪ್ರತಿನಿಧಿಗಳನ್ನು ಕೊಟ್ಟಿತಾದರೂ ಉಳಿದ ಕೊರತೆ ತುಂಬುವ ದಾರಿ ಬರೆಯಲಿಲ್ಲ. ಅದನ್ನು ಸಂಸದರಿಗೆ ಬಿಟ್ಟಿತು. ಕೌಂಟಿ ಸಭೆಗಳಲ್ಲಿ ನಿಯಮ ನಡೆಯಿತು, ರಾಷ್ಟ್ರೀಯ ಸಭೆಯಲ್ಲಿ ನಡೆಯಲಿಲ್ಲ. 2013ರಲ್ಲಿ 290 ಸಾಮಾನ್ಯ ಕ್ಷೇತ್ರಗಳಲ್ಲಿ ಗೆದ್ದ ಮಹಿಳೆಯರು 16. ತಿದ್ದುಪಡಿಗೆ 233 ಮತ ಬೇಕಿತ್ತು. 2016ರಲ್ಲೂ 2019ರಲ್ಲೂ ಅಷ್ಟು ಮತ ಕೂಡಲಿಲ್ಲ. ನ್ಯಾಯಾಲಯಗಳು ಗಡುವಿನ ಮೇಲೆ ಗಡುವು ಕೊಟ್ಟವು. ಕೊನೆಗೆ 2020ರ ಸೆಪ್ಟೆಂಬರ್ 21ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ, ಸಂಸತ್ತನ್ನೇ ವಿಸರ್ಜಿಸುವಂತೆ ಅಧ್ಯಕ್ಷರಿಗೆ ಸಲಹೆ ನೀಡಿದರು. ವಿಸರ್ಜನೆ ಆಗಲಿಲ್ಲ. ಒಂದೇ ದೇಶ, ಒಂದೇ ಸಂವಿಧಾನ, ಒಂದೇ ಸಮಾಜ. ಒಂದು ಕಡೆ ದಾರಿ ಬರೆದಿತ್ತು, ಇನ್ನೊಂದು ಕಡೆ ಅದು ಕೂತವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಫಲದಲ್ಲಿ ಅಷ್ಟು ಅಂತರ.

ಟಿಕೆಟ್ ಯಾರ ಕೈಯಲ್ಲಿದೆ?

ಮೀಸಲಾತಿ ಜಾರಿಯಾಗುವವರೆಗೆ ಮಹಿಳೆಗಿರುವ ಒಂದೇ ಬಾಗಿಲು ಪಕ್ಷದ ಟಿಕೆಟ್. 2024ರ ಲೋಕಸಭಾ ಚುನಾವಣೆಯಲ್ಲಿ ಕಣದಲ್ಲಿದ್ದವರಲ್ಲಿ ಮಹಿಳೆಯರು ಹತ್ತರಲ್ಲಿ ಒಬ್ಬರಷ್ಟೂ ಇರಲಿಲ್ಲ. ಕರ್ನಾಟಕದ 28 ಕ್ಷೇತ್ರಗಳಲ್ಲಿ ಕಾಂಗ್ರೆಸ್ ಆರು ಮಹಿಳೆಯರಿಗೆ ಟಿಕೆಟ್ ಕೊಟ್ಟಿತು, ಬಿಜೆಪಿ ಇಬ್ಬರಿಗೆ. ಗೆದ್ದವರು ಮೂವರು. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಆರಿಸಿ ಬಂದ ಮಹಿಳೆಯರು 10. ಮೂರು ದಶಕಗಳೊಳಗೆ ಗ್ರಾಮ ಪಂಚಾಯಿತಿಯ ಅರ್ಧದವರೆಗೆ ಬಂದವರು ವಿಧಾನಸೌಧದ ಮೆಟ್ಟಿಲಲ್ಲಿ ಇಪ್ಪತ್ತರಲ್ಲಿ ಒಬ್ಬರಿಗಿಂತ ಕಡಿಮೆಯಾಗುತ್ತಾರೆ.

ಪಕ್ಷಗಳ ಉತ್ತರ ಸಿದ್ಧವಿರುತ್ತದೆ: ಗೆಲ್ಲುವ ಅಭ್ಯರ್ಥಿ ಬೇಕು. ಲೋಕಸಭಾ ಅಭ್ಯರ್ಥಿಯ ವೆಚ್ಚದ ಮಿತಿಯೇ ದೊಡ್ಡ ರಾಜ್ಯಗಳಲ್ಲಿ 95 ಲಕ್ಷ ರೂಪಾಯಿ, ಅಷ್ಟು ಹಣ, ಜನಬಲ ಹೆಣ್ಣುಮಕ್ಕಳ ಬಳಿ ಎಲ್ಲಿದೆ ಎಂದು ಕೇಳುತ್ತಾರೆ. ಇದಕ್ಕೆ ಒಡಿಶಾ ಉತ್ತರ ಕೊಟ್ಟಿದೆ. 2019ರಲ್ಲಿ ಬಿಜು ಜನತಾ ದಳ ತನ್ನ 21 ಲೋಕಸಭಾ ಟಿಕೆಟ್‌ಗಳಲ್ಲಿ ಏಳನ್ನು ಮಹಿಳೆಯರಿಗೆ ಕೊಟ್ಟಿತು. ಐವರು ಗೆದ್ದರು. ಬಿಜೆಪಿಯಿಂದ ಗೆದ್ದ ಇಬ್ಬರನ್ನು ಸೇರಿಸಿದರೆ ಆ ರಾಜ್ಯದ 21 ಸಂಸದರಲ್ಲಿ ಏಳು ಮಂದಿ ಮಹಿಳೆಯರಾದರು, ಸರಿಯಾಗಿ ಮೂರನೇ ಒಂದು. ಅಸ್ಕಾದಿಂದ ಗೆದ್ದ ಪ್ರಮೀಳಾ ಬಿಸೋಯಿ ಸ್ವಸಹಾಯ ಸಂಘದಿಂದ ಬಂದವರು. ಯಾವ ತಿದ್ದುಪಡಿಯೂ ಬೇಕಾಗಲಿಲ್ಲ, ಜನಗಣತಿಯೂ ಬೇಕಾಗಲಿಲ್ಲ. ಪಕ್ಷವೊಂದು ಮನಸ್ಸು ಮಾಡಿತು, ಅಷ್ಟೆ.

ಹಾಗೆಂದು ಎಲ್ಲವನ್ನೂ ಪಕ್ಷಗಳ ಮನಸ್ಸಿಗೆ ಬಿಡಲಾಗದು. ಫ್ರಾನ್ಸ್ 2000ದಲ್ಲಿ ಸಮಾನತೆಯ ಕಾನೂನು ತಂದು, ಅಭ್ಯರ್ಥಿಗಳಲ್ಲಿ ಅರ್ಧದಷ್ಟು ಮಹಿಳೆಯರನ್ನು ನಿಲ್ಲಿಸದ ಪಕ್ಷಗಳಿಗೆ ಸರ್ಕಾರಿ ಧನಸಹಾಯ ಕಡಿತ ಮಾಡಿತು. ದೊಡ್ಡ ಪಕ್ಷಗಳು ಕಡಿತವನ್ನು ಸಹಿಸಿಕೊಂಡವೇ ಹೊರತು ಅಷ್ಟು ಮಹಿಳೆಯರನ್ನು ನಿಲ್ಲಿಸಲಿಲ್ಲ. 2002ರಲ್ಲಿ ಅಲ್ಲಿನ ಕೆಳಮನೆಯಲ್ಲಿ ಮಹಿಳೆಯರು ಶೇ. 12ರ ಆಸುಪಾಸಿನಲ್ಲೇ ಉಳಿದರು. ನೇಪಾಳದ 2015ರ ಸಂವಿಧಾನ ಸಂಸತ್ತಿನಲ್ಲಿ ಮೂರನೇ ಒಂದು ಮಹಿಳೆಯರಿರಲೇಬೇಕು ಎಂದಿತು. ಪಕ್ಷಗಳು ಅದನ್ನು ಪ್ರಮಾಣಾನುಸಾರಿ ಪಟ್ಟಿಯಿಂದ ತುಂಬಿಸಿದವು. ನೇರ ಸ್ಪರ್ಧೆಯ 165 ಕ್ಷೇತ್ರಗಳಲ್ಲಿ 2022ರಲ್ಲಿ ಗೆದ್ದ ಮಹಿಳೆಯರು ಕೇವಲ ಒಂಬತ್ತು. ಸಂಖ್ಯೆ ತುಂಬಿತು, ಕ್ಷೇತ್ರಗಳು ಮಾತ್ರ ಪುರುಷರ ಕೈಯಲ್ಲೇ ಉಳಿದವು. ಕ್ಷೇತ್ರಗಳನ್ನೇ ಮೀಸಲಿಡುವ ನಮ್ಮ ಕಾನೂನು ಈ ಅರ್ಥದಲ್ಲಿ ಗಟ್ಟಿಯಾದದ್ದು. ಅದನ್ನು ಜಾರಿಗೆ ತರಬೇಕೆಂಬ ಒತ್ತಾಯಕ್ಕೆ ಇದೂ ಒಂದು ಕಾರಣ.

ಉಳಿದಿರುವ ನಿಜವಾದ ಪ್ರಶ್ನೆಗಳು

ಎಲ್ಲ ಆಕ್ಷೇಪಗಳೂ ನೆಪಗಳಲ್ಲ. ಹಿಂದುಳಿದ ವರ್ಗಗಳ ಮಹಿಳೆಯರ ಒಳಮೀಸಲಾತಿಯ ಪ್ರಶ್ನೆ 1996ರಿಂದಲೂ ಇದೆ. 106ನೇ ತಿದ್ದುಪಡಿ ಪರಿಶಿಷ್ಟ ಜಾತಿ, ಪಂಗಡಗಳ ಸ್ಥಾನಗಳ ಒಳಗೆ ಮಹಿಳೆಯರಿಗೆ ಪಾಲು ಕೊಡುತ್ತದೆ. ಹಿಂದುಳಿದ ವರ್ಗಗಳಿಗೆ ಶಾಸನಸಭೆಗಳಲ್ಲಿ ಮೀಸಲಾತಿಯೇ ಇಲ್ಲದ್ದರಿಂದ ಅವರ ಮಹಿಳೆಯರನ್ನು ಅದು ಪ್ರತ್ಯೇಕವಾಗಿ ಗುರುತಿಸುವುದಿಲ್ಲ. ಹಣವೂ ಹೆಸರೂ ಇರುವ ಮನೆತನಗಳ ಹೆಣ್ಣುಮಕ್ಕಳೇ ಮೀಸಲು ಸ್ಥಾನ ತುಂಬಿಯಾರು ಎಂಬ ಭಯಕ್ಕೆ ಆಧಾರವಿದೆ. ಕರ್ನಾಟಕದ ಪಂಚಾಯತ್ ಕಾಯ್ದೆ ಹಿಂದುಳಿದ ಪ್ರವರ್ಗ ಎ ಮತ್ತು ಬಿಗೆ ಸ್ಥಾನ ಕೊಟ್ಟು, ಅದರೊಳಗೆ ಮಹಿಳೆಯರಿಗೂ ಕೊಟ್ಟಿದೆ. ಮಾದರಿ ನಮ್ಮಲ್ಲೇ ಇದೆ. ಮುಂಬರುವ ಜನಗಣತಿಯಲ್ಲಿ ಜಾತಿಯ ಎಣಿಕೆಯೂ ಇರುವುದರಿಂದ ಈ ಚರ್ಚೆಗೆ ಹೊಸ ಆಧಾರ ಸಿಗಲಿದೆ. ಚರ್ಚೆ ನಡೆಯಲಿ, ತಿದ್ದುಪಡಿ ಬರಲಿ. ಆದರೆ ಅದು ಮುಗಿಯುವವರೆಗೆ ಯಾವ ಹೆಣ್ಣಿಗೂ ಸ್ಥಾನ ಬೇಡ ಎಂದರೆ, ಹಿಂದುಳಿದ ವರ್ಗದ ಮಹಿಳೆಗೂ ಸಿಗುವುದು ಸೊನ್ನೆಯೇ.

ಎರಡನೆಯದು ಸರದಿ. ಮೀಸಲು ಕ್ಷೇತ್ರ ಪ್ರತಿ ಚುನಾವಣೆಗೂ ಬದಲಾದರೆ, ಗೆದ್ದವಳಿಗೆ ಮತ್ತೆ ಅಲ್ಲಿಂದಲೇ ಟಿಕೆಟ್ ಸಿಗುವ ಭರವಸೆಯಿಲ್ಲ. ಕ್ಷೇತ್ರ ಕಟ್ಟುವ ಉತ್ಸಾಹ ಅಲ್ಲೇ ಕುಗ್ಗುತ್ತದೆ. ಹೊಸ ಕಾನೂನು ಪ್ರತಿ ಪುನರ್ವಿಂಗಡಣೆಯ ಬಳಿಕ ಮಾತ್ರ ಸರದಿ ಎನ್ನುತ್ತದೆ, ಇದು ಹಿಂದಿನ ಮಸೂದೆಗಳಿಗಿಂತ ಉತ್ತಮ. ಮುಂಬೈ ಪಾಲಿಕೆಯ ವಾರ್ಡುಗಳನ್ನು ಅಧ್ಯಯನ ಮಾಡಿದ ರಿಖಿಲ್ ಭಾವ್ನಾನಿ, ಒಮ್ಮೆ ಮೀಸಲಾಗಿದ್ದ ವಾರ್ಡು ಮತ್ತೆ ಸಾಮಾನ್ಯವಾದಾಗ ಅಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚು ಎಂದು ತೋರಿಸಿದ್ದಾರೆ. ಒಮ್ಮೆ ಬಾಗಿಲು ತೆರೆದರೆ ಮತದಾರರು ತಾವೇ ಅದನ್ನು ತೆರೆದಿಡುತ್ತಾರೆ ಎಂದಾಯಿತು.

ಮೂರನೆಯದು, ಹೆಂಡತಿಯ ಹೆಸರಿನಲ್ಲಿ ಗಂಡ ಅಧಿಕಾರ ನಡೆಸುತ್ತಾನೆ ಎಂಬ ಮಾತು. ಪಂಚಾಯಿತಿಗಳಲ್ಲಿ ಇದು ನಡೆದಿದೆ, ನಡೆಯುತ್ತಲೂ ಇದೆ. ಇದಕ್ಕೆ ಮದ್ದು ತರಬೇತಿ, ಗೌರವಧನ, ಸಭೆಯಲ್ಲಿ ಗಂಡನಿಗೆ ಪ್ರವೇಶವಿಲ್ಲ ಎಂಬ ಕಟ್ಟುನಿಟ್ಟು. ಸ್ಥಾನ ಕಿತ್ತುಕೊಳ್ಳುವುದು ಮದ್ದಲ್ಲ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ಅಧ್ಯಯನ ಮಾಡಿದ ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೋ, ಮೀಸಲಾತಿಯಿಂದ ಮಹಿಳೆಯರು ಮುಖ್ಯಸ್ಥರಾದ ಊರುಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋದದ್ದನ್ನು ಕಂಡರು. ಕೊಡ ಹೊತ್ತವರ ಕೈಗೆ ನಿರ್ಧಾರ ಬಂದಾಗ ಬಜೆಟ್ಟಿನ ಆದ್ಯತೆ ಬದಲಾಯಿತು.

ಕಾನೂನು ಮುಟ್ಟದೇ ಬಿಟ್ಟ ಜಾಗವೂ ಇದೆ. ರಾಜ್ಯಸಭೆ ಮತ್ತು ವಿಧಾನ ಪರಿಷತ್ತುಗಳಿಗೆ ಈ ಮೀಸಲಾತಿ ಇಲ್ಲ. ನಮ್ಮ 75 ಸದಸ್ಯರ ಪರಿಷತ್ತಿಗೆ ಪಕ್ಷಗಳು ಶಾಸಕರ ಮತದಿಂದ ಕಳಿಸುವವರಲ್ಲಿ, ಸರ್ಕಾರದ ಸಲಹೆಯಂತೆ ರಾಜ್ಯಪಾಲರು ನಾಮನಿರ್ದೇಶನ ಮಾಡುವವರಲ್ಲಿ ಮಹಿಳೆಯರಿಗೆ ಪಾಲು ಕೊಡಲು ಯಾವ ಅಡ್ಡಿಯೂ ಇಲ್ಲ.

ಏನು ಮಾಡಬೇಕು

ಮಾಡಬೇಕಾದ್ದು ಸ್ಪಷ್ಟವಿದೆ. ಮೊದಲನೆಯದಾಗಿ, 334ಎ ವಿಧಿಯಲ್ಲಿರುವ ಜನಗಣತಿ ಮತ್ತು ಪುನರ್ವಿಂಗಡಣೆಯ ಷರತ್ತನ್ನು ತೆಗೆದುಹಾಕಬೇಕು. ಅದಕ್ಕೆ ಬೇಕಾದ ವಿಶೇಷ ಬಹುಮತಕ್ಕಿಂತ ಎಷ್ಟೋ ಹೆಚ್ಚಿನ ಮತ 2023ರಲ್ಲಿ ಬಿದ್ದಿತ್ತು. ಅಂದು ಒಪ್ಪಿದವರು ಮನಃಪೂರ್ವಕವಾಗಿ ಒಪ್ಪಿದ್ದರೆ ಇಂದೂ ಒಪ್ಪಬೇಕು. ಎರಡನೆಯದಾಗಿ, 2029ರ ಲೋಕಸಭಾ ಚುನಾವಣೆಗೆ ಮುಂಚೆ ಈಗಿನ ಕ್ಷೇತ್ರಗಳಲ್ಲೇ ಮೀಸಲು ಸ್ಥಾನಗಳನ್ನು ಸ್ವತಂತ್ರ ಸಂಸ್ಥೆಯ ಮೂಲಕ ಬಹಿರಂಗವಾಗಿ ಗುರುತಿಸಬೇಕು. ಪುನರ್ವಿಂಗಡಣೆ ಯಾವಾಗ ಬೇಕಾದರೂ ಬರಲಿ, ಬಂದಾಗ ಮೀಸಲಾತಿಯನ್ನೂ ಅದಕ್ಕೆ ಹೊಂದಿಸಿಕೊಳ್ಳಬಹುದು. ಮೂರನೆಯದಾಗಿ, ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೂ ಬೆಂಗಳೂರಿನ ಪಾಲಿಕೆಗಳಿಗೂ ಚುನಾವಣೆ ನಡೆಸಬೇಕು. ವಿಧಾನಸಭೆಗೆ, ಲೋಕಸಭೆಗೆ ನಾಯಕಿಯರು ಬೆಳೆದು ಬರುವುದು ಅಲ್ಲಿಂದ.

ನಾಲ್ಕನೆಯದು ನಿಮ್ಮ ಕೈಯಲ್ಲೇ ಇದೆ, ವಿದ್ಯಾರ್ಥಿ ಮಿತ್ರರೇ. 2028ರಲ್ಲಿ ಕರ್ನಾಟಕ ವಿಧಾನಸಭೆಯ ಚುನಾವಣೆ ಬರುತ್ತದೆ. ನಿಮ್ಮಲ್ಲಿ ಅನೇಕರಿಗೆ ಅದು ಮೊದಲ ಮತ. ಪ್ರತಿ ಪಕ್ಷ ತನ್ನ ಪಟ್ಟಿ ಬಿಡುಗಡೆ ಮಾಡಿದ ದಿನ ಅದರಲ್ಲಿ ಮಹಿಳೆಯರ ಹೆಸರು ಎಷ್ಟಿದೆ ಎಂದು ಎಣಿಸಿ. 224ರಲ್ಲಿ 75 ಇರಬೇಕು, ಗೆಲ್ಲುವ ಸಾಧ್ಯತೆಯಿಲ್ಲದ ಕ್ಷೇತ್ರಗಳನ್ನು ತಳ್ಳಿ ಕೊಟ್ಟ 75 ಅಲ್ಲ. ಕಡಿಮೆ ಇದ್ದರೆ ನಿಮ್ಮ ಊರಿಗೆ ಮತ ಕೇಳಲು ಬಂದ ಅಭ್ಯರ್ಥಿಯನ್ನು, ಅವರ ಹಿಂದೆ ಬಂದ ಮುಖಂಡರನ್ನು ಎಲ್ಲರೆದುರು ಕಾರಣ ಕೇಳಿ. ಸಂಸತ್ತಿನಲ್ಲಿ ಮಹಿಳಾ ಮೀಸಲಾತಿಗೆ ಮತ ಹಾಕಿದ ಪಕ್ಷಕ್ಕೆ ತನ್ನದೇ ಪಟ್ಟಿಯಲ್ಲಿ ಅದನ್ನು ಪಾಲಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಲೇಬೇಕಾದ ಸ್ಥಿತಿ ಬಂದ ದಿನ ದೆಹಲಿಯ ಷರತ್ತೂ ಸಡಿಲವಾಗುತ್ತದೆ. ಮತದಾರರು ಎಣಿಸಲು ಶುರುಮಾಡಿದ್ದಾರೆ ಎಂದು ಪಕ್ಷಗಳಿಗೆ ಗೊತ್ತಾದರೆ ಅವು ಇನ್ನೊಂದು ಜನಗಣತಿಗೆ ಕಾಯುವುದಿಲ್ಲ.